ಕೆಂಪು ತ್ರಿಕೋನ ಬಂದಾಗ ಕೇಳಬೇಕಾದ ನಾಲ್ಕು ಪ್ರಶ್ನೆ

ಹೈದರಾಬಾದಿನ ಓದುಗರೊಬ್ಬರು ತಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಬಂದ ಸಂದೇಶವೊಂದನ್ನು ನನಗೆ ಕಳಿಸಿ, "ಇದು ಸರಿಯೇ?" ಎಂದು ಕೇಳಿದ್ದಾರೆ. ಸಂದೇಶ ಹೀಗಿದೆ: "ಆತ್ಮೀಯ ಸದಸ್ಯರೇ, ರಾಜ್ಯೋತ್ಸವದ ನೋಂದಣಿಗೆ ನಮ್ಮ ಜಾಲತಾಣ ತೆರೆದಾಗ ಎಚ್ಚರಿಕೆ ಕಾಣಿಸಿದರೆ ಗಾಬರಿಯಾಗಬೇಡಿ. ಅಡ್ವಾನ್ಸ್ಡ್ ಎಂಬುದನ್ನು ಒತ್ತಿ. ಕೆಳಗೆ ಪ್ರೊಸೀಡ್ ಎಂದು ಬರುತ್ತದೆ, ಅದನ್ನೂ ಒತ್ತಿ. ಏನೂ ಆಗುವುದಿಲ್ಲ."

ಬರೆದವರ ಉದ್ದೇಶ ಒಳ್ಳೆಯದೇ. ತಾಣದ ಸರ್ಟಿಫಿಕೇಟಿನ ಅವಧಿ ಮುಗಿದಿರಬೇಕು, ಅದನ್ನು ನೋಡಿಕೊಳ್ಳುವ ಹುಡುಗ ಊರಿಗೆ ಹೋಗಿರಬೇಕು, ಹಬ್ಬ ಹತ್ತಿರ ಬಂದಿರಬೇಕು. ಸಂಘ ನಡೆಸುವವರ ಕಷ್ಟ ಸಂಘ ನಡೆಸಿದವರಿಗೇ ಗೊತ್ತು. ಆದರೆ ಇಂಥ ಗುಂಪುಗಳಲ್ಲಿ ಇರುವವರಲ್ಲಿ ಅನೇಕರು ನಿವೃತ್ತರು. ಅವರಿಗೆ ಈ ಸಂದೇಶ ಕಲಿಸಿದ ಪಾಠ ಬೇರೆಯೇ: ಎಚ್ಚರಿಕೆ ಎಂದರೆ ಕಂಪ್ಯೂಟರಿನ ಗೊಣಗಾಟ, ಅದನ್ನು ದಾಟಿ ಹೋಗುವುದೇ ಜಾಣತನ. ನಾಳೆ ಪಿಂಚಣಿ ಬರುವ ಬ್ಯಾಂಕಿನ ಪುಟದಲ್ಲಿ ಅದೇ ತ್ರಿಕೋನ ಬಂದರೆ ಬೆರಳು ತಾನಾಗಿಯೇ ಅಡ್ವಾನ್ಸ್ಡ್ ಕಡೆಗೆ ಹೋಗುತ್ತದೆ.

ಆದ್ದರಿಂದ ಈ ಸಲದ ಅಂಕಣ ಪೂರ್ತಿ ಈ ತ್ರಿಕೋನಕ್ಕೇ ಮೀಸಲು. ಅದು ಏನು ಹೇಳುತ್ತಿದೆ, ಯಾವಾಗ ದೋಷ ನಮ್ಮದು, ಯಾವಾಗ ತಾಣದ್ದು, ಯಾವಾಗ ನಿಜಕ್ಕೂ ಹಿಂದೆ ಸರಿಯಬೇಕು ಎಂಬುದನ್ನು ನೋಡೋಣ. ಊರಿನಲ್ಲಿರುವ ಅಪ್ಪ ಅಮ್ಮಂದಿರಿಗೆ ಫೋನಿನಲ್ಲೇ ಕಂಪ್ಯೂಟರ್ ರಿಪೇರಿ ಮಾಡಿಕೊಡುವ ಕೆಲಸ ಹೇಗೂ ನಮ್ಮೆಲ್ಲರ ಪಾಲಿಗೆ ಬಂದಿದೆ. ಅದನ್ನೇ ಸ್ವಲ್ಪ ಕ್ರಮವಾಗಿ ಮಾಡೋಣ.

ವಾಚ್‌ಮನ್ ಏನು ಹೇಳುತ್ತಿದ್ದಾನೆ?

ನಮ್ಮ ಮುಂಬಯಿ, ಪುಣೆಯ ಹೌಸಿಂಗ್ ಸೊಸೈಟಿಗಳ ಗೇಟನ್ನು ನೆನಪಿಸಿಕೊಳ್ಳಿ. ಗ್ಯಾಸ್ ಪೈಪ್ ತಪಾಸಣೆಗೆಂದು ಒಬ್ಬ ಬರುತ್ತಾನೆ. ವಾಚ್‌ಮನ್ ಅವನ ಗುರುತಿನ ಚೀಟಿ ಕೇಳುತ್ತಾನೆ. ಚೀಟಿಯಲ್ಲಿ ಮೂರು ಸಂಗತಿ ನೋಡುತ್ತಾನೆ. ಕೊಟ್ಟವರು ಯಾರು, ಗೊತ್ತಿರುವ ಸಂಸ್ಥೆಯೋ ಅಥವಾ ತಾನೇ ಮನೆಯಲ್ಲಿ ಪ್ರಿಂಟ್ ಹಾಕಿಕೊಂಡದ್ದೋ? ಚೀಟಿಯ ಅವಧಿ ಮುಗಿದಿಲ್ಲವಷ್ಟೇ? ಚೀಟಿಯಲ್ಲಿರುವ ಹೆಸರು, ಎದುರು ನಿಂತವನು ಹೇಳುವ ಹೆಸರು ಒಂದೇ ತಾನೇ? ಮೂರರಲ್ಲಿ ಒಂದು ತಪ್ಪಿದರೂ ಇಂಟರ್‌ಕಾಮ್ ಬಾರಿಸಿ, "ಸಾಹೇಬ್ರೇ, ಬಿಡಲೋ ಬೇಡವೋ?" ಎಂದು ಕೇಳುತ್ತಾನೆ.

ಬ್ರೌಸರ್ ಮಾಡುವುದೂ ಇದನ್ನೇ. ಎಚ್‌ಟಿಟಿಪಿಎಸ್ ಎಂದು ಶುರುವಾಗುವ ಪ್ರತಿ ತಾಣವೂ ತೆರೆದುಕೊಳ್ಳುವ ಮೊದಲು ತನ್ನ ಸರ್ಟಿಫಿಕೇಟ್ ತೋರಿಸಬೇಕು. ಅದಕ್ಕೆ ಸಹಿ ಹಾಕಿದ ಸಂಸ್ಥೆ ನಂಬಬಹುದಾದವರ ಪಟ್ಟಿಯಲ್ಲಿದೆಯೇ ಎಂದು ಬ್ರೌಸರ್ ನೋಡುತ್ತದೆ. ಈ ಪಟ್ಟಿ ಬ್ರೌಸರಿನಲ್ಲೋ, ಫೋನು ಅಥವಾ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂನಲ್ಲೋ ಮೊದಲೇ ತುಂಬಿರುತ್ತದೆ. ಆಮೇಲೆ ತಾರೀಖು, ಆಮೇಲೆ ಹೆಸರು. ಎಲ್ಲ ಸರಿಯಿದ್ದರೆ ನಮಗೆ ಏನೂ ತಿಳಿಯುವುದಿಲ್ಲ. ಒಂದು ತಪ್ಪಿದರೆ ತ್ರಿಕೋನ.

ಇಲ್ಲಿ ಒಂದು ಮಾತು ಗಮನಿಸಿ. ವಾಚ್‌ಮನ್ "ಇವನು ಕಳ್ಳ" ಎನ್ನುತ್ತಿಲ್ಲ. "ಇವನು ಯಾರೆಂದು ನನಗೆ ಖಾತ್ರಿಯಾಗಲಿಲ್ಲ" ಎನ್ನುತ್ತಿದ್ದಾನೆ. ಎರಡಕ್ಕೂ ಬಹಳ ವ್ಯತ್ಯಾಸವಿದೆ. ಹಾಗೆಂದು ಖಾತ್ರಿಯಾಗದವನನ್ನು ತಿಜೋರಿ ಇರುವ ಕೋಣೆಗೆ ಕರೆದೊಯ್ಯುವುದೂ ಇಲ್ಲ.

ಇದರ ಜೊತೆ ಗೊಂದಲವಾಗುವ ಇನ್ನೆರಡು ಸೂಚನೆಗಳಿವೆ. ಪುಟ ಪೂರ್ತಿ ಕೆಂಪಾಗಿ, ಅಪಾಯದ ತಾಣ ಅಥವಾ ಮೋಸದ ತಾಣ ಎಂದು ಬಂದರೆ ಅದು ಸರ್ಟಿಫಿಕೇಟಿನ ವಿಷಯವೇ ಅಲ್ಲ. ಆ ತಾಣ ಮೋಸಗಾರರ ಪಟ್ಟಿಯಲ್ಲಿ ಈಗಾಗಲೇ ಇದೆ ಎಂದರ್ಥ. ಅಲ್ಲಿ ಯಾವ ಪ್ರಶ್ನೆಯೂ ಬೇಡ, ಮುಚ್ಚಿಬಿಡಿ. ಇನ್ನೊಂದು, ವಿಳಾಸದ ಪಕ್ಕ ಬರುವ "ನಾಟ್ ಸೆಕ್ಯೂರ್" ಎಂಬ ಪುಟ್ಟ ಬರಹ. ಸರ್ಟಿಫಿಕೇಟೇ ಇಲ್ಲದ ಹಳೆಯ ಬಗೆಯ ತಾಣಗಳಿಗೆ ಕ್ರೋಮ್ 2018ರ ಜುಲೈನಿಂದ ಹೀಗೆ ಹಣೆಪಟ್ಟಿ ಹಚ್ಚುತ್ತಿದೆ. ಓದಲು ಅಡ್ಡಿಯಿಲ್ಲ, ಏನನ್ನೂ ತುಂಬಬೇಡಿ.

ಇನ್ನು ತ್ರಿಕೋನದ ಪುಟ. ಅದರಲ್ಲಿ ದೊಡ್ಡ ಅಕ್ಷರದ ಹೆದರಿಕೆಯ ಮಾತಿಗಿಂತ ಕೆಳಗೆ ಸಣ್ಣದಾಗಿ ಬರೆದ ಸಾಲು ಮುಖ್ಯ. ಕ್ರೋಮ್‌ನಲ್ಲಿ ಅದು "ನೆಟ್ ಎರರ್ ಸರ್ಟ್" ಎಂದು ಶುರುವಾಗುತ್ತದೆ. ಮುಂದೆ "ಡೇಟ್ ಇನ್‌ವ್ಯಾಲಿಡ್" ಎಂದಿದ್ದರೆ ತಾರೀಖಿನ ತಕರಾರು. "ಅಥಾರಿಟಿ ಇನ್‌ವ್ಯಾಲಿಡ್" ಎಂದಿದ್ದರೆ ಸಹಿ ಹಾಕಿದವರನ್ನು ನಂಬಲಾಗುತ್ತಿಲ್ಲ. "ಕಾಮನ್ ನೇಮ್ ಇನ್‌ವ್ಯಾಲಿಡ್" ಎಂದಿದ್ದರೆ ಹೆಸರು ಹೊಂದುತ್ತಿಲ್ಲ. "ರಿವೋಕ್ಡ್" ಎಂದಿದ್ದರೆ ಆ ಸರ್ಟಿಫಿಕೇಟನ್ನು ಕೊಟ್ಟವರೇ ರದ್ದು ಮಾಡಿದ್ದಾರೆ. ಡಾಕ್ಟರ ಹತ್ತಿರ "ಮೈ ಸರಿಯಿಲ್ಲ" ಎನ್ನುವುದಕ್ಕೂ "ಎರಡು ದಿನದಿಂದ ಜ್ವರ" ಎನ್ನುವುದಕ್ಕೂ ಇರುವ ವ್ಯತ್ಯಾಸವೇ ಈ ಒಂದು ಸಾಲು.

ಈಗ ನಾಲ್ಕು ಪ್ರಶ್ನೆ. ಇದೇ ಕ್ರಮದಲ್ಲಿ ಕೇಳಿ.

ಒಂದು: ಇವತ್ತು ತಾರೀಖು ಎಷ್ಟು?

ಗದಗಿನಲ್ಲಿರುವ ನಮ್ಮ ಕಾಕಾ ಒಂದು ಬೆಳಿಗ್ಗೆ ಫೋನ್ ಮಾಡಿದರು.

"ತಮ್ಮಾ, ಯಾವುದೂ ತೆರೀವಲ್ತು ನೋಡು. ಪೇಪರಿಲ್ಲ, ಪಂಚಾಂಗಿಲ್ಲ. ಎಲ್ಲಾದಕ್ಕೂ ಕೆಂಪಂದು ಬರ್ಲಿಕ್ಕೆ ಹತ್ತೇದ. ಯಾರರೆ ಹ್ಯಾಕ್ ಮಾಡ್ಯಾರೇನು?"

"ಕಾಕಾ, ಸ್ಕ್ರೀನಿನ ಕೆಳಗ ಬಲಗಡೆ ಮೂಲ್ಯಾಗ ತಾರೀಖು ಏನದ ನೋಡ್ರಿ."

"ಒಂದನೇ ಜನವರಿ 2012 ಅದನೋ! ಎರಡು ದಿನ ಕರೆಂಟ್ ಹೋಗಿತ್ತು. ಅದಕ್ಕೂ ಇದಕ್ಕೂ ಏನು ಸಂಬಂಧ?"

ಸಂಬಂಧ ಇದೆ. ಡೆಸ್ಕ್‌ಟಾಪ್ ಕಂಪ್ಯೂಟರಿನ ಒಳಗೆ ನಾಣ್ಯದ ಆಕಾರದ ಒಂದು ಸಣ್ಣ ಸೆಲ್ ಇರುತ್ತದೆ. ಕರೆಂಟ್ ಇಲ್ಲದಾಗ ಗಡಿಯಾರವನ್ನು ನಡೆಸುವುದು ಅದೇ. ಕೆಲವು ವರ್ಷ ಕಳೆದು ಸೆಲ್ ಸತ್ತರೆ, ಪ್ರತಿ ಸಲ ಕರೆಂಟ್ ಹೋದಾಗಲೂ ಕಂಪ್ಯೂಟರ್ ಯಾವುದೋ ಹಳೆಯ ವರ್ಷಕ್ಕೆ ಮರಳುತ್ತದೆ. ಈ ತಿಂಗಳು ಕೊಟ್ಟ ಸರ್ಟಿಫಿಕೇಟನ್ನು 2012ರಲ್ಲಿ ಕೂತು ನೋಡಿದರೆ, ಅದು ಇನ್ನೂ ಹುಟ್ಟೇ ಇಲ್ಲ! ಆದ್ದರಿಂದ ಬ್ರೌಸರ್ ಎಲ್ಲ ತಾಣಗಳನ್ನೂ ತಿರಸ್ಕರಿಸುತ್ತದೆ. ಎಷ್ಟೋ ಸಲ ಕ್ರೋಮ್ ತಾನೇ, "ನಿಮ್ಮ ಗಡಿಯಾರ ಹಿಂದಿದೆ" ಎಂಬರ್ಥದ ಪುಟ ತೋರಿಸುವುದೂ ಉಂಟು.

ತಾರೀಖು, ವರ್ಷ, ಸಮಯ ಮೂರನ್ನೂ ಸರಿಮಾಡಿದರೆ ಆ ದಿನಕ್ಕೆ ಸಾಕು. ಮತ್ತೆ ಮತ್ತೆ ಹಾಗಾದರೆ ಹತ್ತಿರದ ಕಂಪ್ಯೂಟರ್ ಅಂಗಡಿಯವರಿಗೆ ಹೇಳಿ ಸೆಲ್ ಬದಲಾಯಿಸಬೇಕು. ಬಹಳಷ್ಟು ಡೆಸ್ಕ್‌ಟಾಪ್‌ಗಳಲ್ಲಿ ಸಿಆರ್ 2032 ಎಂಬ ಸೆಲ್ಲೇ ಇರುತ್ತದೆ, ದುಬಾರಿಯಲ್ಲ. ಫೋನಿನಲ್ಲಾದರೆ ಸೆಟ್ಟಿಂಗ್ಸ್ ಒಳಗೆ ಡೇಟ್ ಅಂಡ್ ಟೈಮ್‌ಗೆ ಹೋಗಿ, ಸಮಯವನ್ನು ತಾನಾಗಿ ತೆಗೆದುಕೊಳ್ಳುವ ಆಯ್ಕೆಯನ್ನು ಆನ್ ಮಾಡಿ. ಮಕ್ಕಳು ಮೊಬೈಲ್ ಆಟದಲ್ಲಿ ಬೇಗ ಬಹುಮಾನ ಸಿಗಲೆಂದು ತಾರೀಖನ್ನು ಮುಂದೆ ಹಾಕಿ ಹಾಗೇ ಬಿಡುವುದುಂಟು, ಅದನ್ನೂ ವಿಚಾರಿಸಿ.

ಗುರುತು ಸುಲಭ. ಎಲ್ಲ ತಾಣಗಳಲ್ಲೂ ಒಮ್ಮೆಲೇ ಎಚ್ಚರಿಕೆ ಬಂದರೆ ದೋಷ ಬಹುಮಟ್ಟಿಗೆ ನಮ್ಮ ಕಡೆಯದು. ಮೊದಲ ಅನುಮಾನ ಗಡಿಯಾರದ ಮೇಲೆ.

ಎರಡು: ಯಾವ ವೈಫೈ?

ರೈಲು ನಿಲ್ದಾಣ, ವಿಮಾನ ನಿಲ್ದಾಣ, ಆಸ್ಪತ್ರೆ, ಲಾಡ್ಜ್. ಇಲ್ಲೆಲ್ಲ ವೈಫೈ ಸಿಕ್ಕ ಕೂಡಲೇ ಇಂಟರ್‌ನೆಟ್ ಸಿಗುವುದಿಲ್ಲ. ಮೊದಲು ಅವರ ಪುಟದಲ್ಲಿ ಮೊಬೈಲ್ ನಂಬರು ಕೊಟ್ಟು ಒಟಿಪಿ ಹಾಕಬೇಕು. ಅಲ್ಲಿಯವರೆಗೆ ನೀವು ಯಾವ ತಾಣ ಕೇಳಿದರೂ ಆ ವೈಫೈ ತನ್ನ ಪುಟವನ್ನೇ ಮುಂದೊಡ್ಡುತ್ತದೆ. ನೀವು ಜಿಮೇಲ್ ಕೇಳಿದಿರಿ, ಉತ್ತರ ಕೊಟ್ಟದ್ದು ಲಾಡ್ಜಿನ ವೈಫೈ. ಹೆಸರು ಹೊಂದುವುದಿಲ್ಲ, ಬ್ರೌಸರ್ ತ್ರಿಕೋನ ತೋರಿಸುತ್ತದೆ. ಅದು ಮಾಡಿದ್ದು ಸರಿಯೇ.

ಇಲ್ಲಿ ಪ್ರೊಸೀಡ್ ಒತ್ತಬಾರದು. ಆ ಪುಟ ಮುಚ್ಚಿ, ವೈಫೈಯನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ, "ಸೈನ್ ಇನ್" ಎಂಬ ಸೂಚನೆ ಬರಲು ಬಿಡಿ. ಬರದಿದ್ದರೆ ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ ಎಂಬ ತಾಣ ತೆರೆಯಿರಿ. ಹೆಸರೇ ಹೇಳುವಂತೆ ಅದು ಎಂದೂ ಸರ್ಟಿಫಿಕೇಟ್ ಬಳಸುವುದಿಲ್ಲ. ಅದನ್ನು ಕೇಳಿದಾಗ ವೈಫೈಯವರ ಲಾಗಿನ್ ಪುಟ ಯಾವ ತಕರಾರೂ ಇಲ್ಲದೆ ಎದುರಿಗೆ ಬರುತ್ತದೆ. ಲಾಗಿನ್ ಆದ ಮೇಲೂ ಜಿಮೇಲ್, ಬ್ಯಾಂಕು ಎಲ್ಲದಕ್ಕೂ ತ್ರಿಕೋನ ಬರುತ್ತಲೇ ಇದ್ದರೆ, ಆ ವೈಫೈ ಬೇಡವೇ ಬೇಡ.

ಆಫೀಸಿನದು ಇನ್ನೊಂದು ಕತೆ. ಅನೇಕ ಕಂಪನಿಗಳು ತಮ್ಮ ಜಾಲದಲ್ಲಿ ಹರಿಯುವ ಎಲ್ಲವನ್ನೂ ನಡುವೆ ತೆರೆದು ನೋಡಿ, ಮತ್ತೆ ತಮ್ಮದೇ ಸಹಿ ಹಾಕಿ ಮುಂದೆ ಕಳಿಸುತ್ತವೆ. ಕಂಪನಿಯ ಲ್ಯಾಪ್‌ಟಾಪಿನಲ್ಲಿ ಆ ಸಹಿಯನ್ನು ನಂಬುವಂತೆ ಮೊದಲೇ ಏರ್ಪಾಡು ಮಾಡಿರುವುದರಿಂದ ಎಚ್ಚರಿಕೆ ಬರುವುದಿಲ್ಲ. ಅದೇ ವೈಫೈಗೆ ನಿಮ್ಮ ಸ್ವಂತ ಫೋನ್ ಸೇರಿಸಿದರೆ "ಅಥಾರಿಟಿ ಇನ್‌ವ್ಯಾಲಿಡ್" ಬರಬಹುದು. ಫೋನು ಕೆಟ್ಟಿಲ್ಲ, ನಡುವೆ ಯಾರೋ ಓದುತ್ತಿದ್ದಾರೆ ಎಂದು ಸರಿಯಾಗಿಯೇ ಹೇಳುತ್ತಿದೆ. ಬ್ಯಾಂಕಿನ ಕೆಲಸವನ್ನು ನಿಮ್ಮ ಫೋನಿನಲ್ಲಿ, ನಿಮ್ಮ ಡೇಟಾದಲ್ಲೇ ಮಾಡಿಕೊಳ್ಳಿ.

ಈ ಪ್ರಶ್ನೆಗೆ ಅರ್ಧ ನಿಮಿಷದ ಪರೀಕ್ಷೆ ಇದೆ. ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ಅದೇ ತಾಣ ತೆರೆಯಿರಿ. ಎಚ್ಚರಿಕೆ ಮಾಯವಾದರೆ ದೋಷ ವೈಫೈಯದು.

ಮೂರು: ಎಷ್ಟು ಹಳೆಯ ಯಂತ್ರ?

ನಾವು ಹೊಸ ಫೋನ್ ಕೊಂಡಾಗ ಹಳೆಯದು ಊರಿಗೆ ಹೋಗುತ್ತದೆ. ಅಮ್ಮನ ಕೈಯಲ್ಲಿ ಅದು ಮತ್ತೆ ಐದಾರು ವರ್ಷ ಬಾಳುತ್ತದೆ. ಕಾಲ್ ಬರುತ್ತದೆ, ಫೋಟೋ ಬರುತ್ತದೆ, ಯಕ್ಷಗಾನದ ವಿಡಿಯೋ ಬರುತ್ತದೆ. ಆದರೆ ಅದರೊಳಗಿನ "ನಂಬಬಹುದಾದವರ ಪಟ್ಟಿ" ಮಾತ್ರ ಅಪ್‌ಡೇಟ್ ನಿಂತ ದಿನಕ್ಕೇ ನಿಂತುಬಿಟ್ಟಿರುತ್ತದೆ.

ಇದಕ್ಕೆ ದೊಡ್ಡ ಉದಾಹರಣೆ ಲೆಟ್ಸ್ ಎನ್‌ಕ್ರಿಪ್ಟ್. 2015ರ ಕೊನೆಯಿಂದ ಜಗತ್ತಿನ ಯಾವುದೇ ತಾಣಕ್ಕೆ ಉಚಿತವಾಗಿ ಸರ್ಟಿಫಿಕೇಟ್ ಕೊಡುತ್ತಿರುವ ಸಂಸ್ಥೆ ಇದು. ಶುರುವಿನಲ್ಲಿ ಅದು ಹೊಸಬ, ಯಾರ ಪಟ್ಟಿಯಲ್ಲೂ ಅದರ ಹೆಸರಿರಲಿಲ್ಲ. ಆದ್ದರಿಂದ ಐಡೆನ್‌ಟ್ರಸ್ಟ್ ಎಂಬ ಹಳೆಯ ಸಂಸ್ಥೆಯ ಸಹಿಯ ಬೆಂಬಲ ಪಡೆದಿತ್ತು. ಆ ಹಳೆಯ ಸಹಿಯ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಫೋನುಗಳಿಗೆ ಹೊಸ ಸಹಿಯ ಗುರುತೇ ಇರಲಿಲ್ಲ. ಅಂಥ ಫೋನುಗಳಿಗಾಗಿ ಇನ್ನೊಂದು ತಾತ್ಕಾಲಿಕ ಏರ್ಪಾಡು ಮಾಡಿ ಮೂರು ವರ್ಷ ನಡೆಸಿದರು. ಅದೂ 2024ರ ಸೆಪ್ಟೆಂಬರ್ 30ಕ್ಕೆ ಮುಗಿದಿದೆ. ಈಗ ಅಮ್ಮ "ಒಂದು ತೆರೀತದೆ, ಇನ್ನೊಂದು ತೆರೆಯೋದಿಲ್ಲ" ಎಂದರೆ ಆಶ್ಚರ್ಯಪಡಬೇಕಿಲ್ಲ. ತೆರೆಯದಿರುವುದು ಬಹುಶಃ ಈ ಸಂಸ್ಥೆಯ ಸರ್ಟಿಫಿಕೇಟ್ ಇರುವ ತಾಣ.

ಫೈರ್‌ಫಾಕ್ಸ್ ಬ್ರೌಸರ್ ಫೋನಿನ ಪಟ್ಟಿಯನ್ನು ನೆಚ್ಚದೆ ತನ್ನದೇ ಪಟ್ಟಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಹಳೆಯ ಫೋನಿನಲ್ಲಿ ಪೇಪರ್ ಓದಲು ಅದು ನೆರವಾಗಬಹುದು. ಆದರೆ ಇಷ್ಟು ಹಳೆಯ ಫೋನುಗಳಿಗೆ ಬ್ರೌಸರ್‌ಗಳ ಹೊಸ ಆವೃತ್ತಿ ಬರುವುದೂ ನಿಲ್ಲುತ್ತಾ ಬಂದಿದೆ. ಕಂಪ್ಯೂಟರಿನಲ್ಲೂ ಅಷ್ಟೇ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿಯಲ್ಲಿ ಕೈ ತೊಳೆದುಕೊಂಡಿತು. 2023ರಿಂದ ಹೊಸ ಕ್ರೋಮ್ ಕೂಡ ಅದಕ್ಕೆ ಬರುತ್ತಿಲ್ಲ. ನನ್ನ ಸಲಹೆ ಇಷ್ಟೇ: ಹಳೆಯ ಯಂತ್ರ ಹಾಡು ಕೇಳಲಿಕ್ಕೆ, ವಿಡಿಯೋ ನೋಡಲಿಕ್ಕೆ ಇರಲಿ, ದುಡ್ಡಿನ ವ್ಯವಹಾರಕ್ಕೆ ಬೇಡ. ಮುಂದಿನ ಸಲ ಊರಿಗೆ ಹೋಗುವಾಗ ಸೀರೆಯ ಬದಲು ಸಾಧಾರಣ ಬೆಲೆಯ ಹೊಸ ಫೋನ್ ಒಯ್ಯಿರಿ.

ಯಂತ್ರ ಹೊಸದೇ, ತಾರೀಖೂ ಸರಿ, ಆದರೂ ಎಲ್ಲ ತಾಣಕ್ಕೂ ತ್ರಿಕೋನ ಎಂದಾದರೆ ಆಂಟಿವೈರಸ್ ನೋಡಿ. ಕೆಲವು ಆಂಟಿವೈರಸ್‌ಗಳು ಆಫೀಸಿನ ಜಾಲದಂತೆಯೇ ನಡುವೆ ಕೂತು ಎಲ್ಲವನ್ನೂ ತಪಾಸಣೆ ಮಾಡುತ್ತವೆ. ಅವುಗಳ ಸಹಿ ಕೆಟ್ಟರೆ ಎಲ್ಲ ತಾಣಗಳೂ ಕೆಟ್ಟಂತೆ ಕಾಣುತ್ತವೆ. ಅದನ್ನು ಅಪ್‌ಡೇಟ್ ಮಾಡಿ, ಆಗದಿದ್ದರೆ ತೆಗೆದು ಮತ್ತೆ ಹಾಕಿ.

ನಾಲ್ಕು: ಯಾವ ತಾಣ, ಅಲ್ಲಿ ನಾನು ಏನು ಕೊಡಲಿದ್ದೇನೆ?

ತಾರೀಖು ಸರಿ, ವೈಫೈ ಸರಿ, ಫೋನೂ ಸರಿ, ಒಂದೇ ತಾಣದಲ್ಲಿ ಎಚ್ಚರಿಕೆ ಎಂದಾದರೆ ದೋಷ ಬಹುಶಃ ಆ ತಾಣದ್ದು. ಅವಧಿ ಮುಗಿದಿರಬಹುದು. ಇದು ಬಡ ಸಂಘಗಳಿಗೆ ಮಾತ್ರ ಆಗುವ ಪಾಡಲ್ಲ. 2020ರ ಫೆಬ್ರವರಿ 3ರಂದು ಮೈಕ್ರೋಸಾಫ್ಟ್‌ನ ಟೀಮ್ಸ್ ಸೇವೆ ಗಂಟೆಗಟ್ಟಲೆ ನಿಂತದ್ದು ಒಂದು ಸರ್ಟಿಫಿಕೇಟ್ ನವೀಕರಿಸದೆ ಉಳಿದದ್ದರಿಂದ. 2018ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಓ2 ಕಂಪನಿಯ ಕೋಟ್ಯಂತರ ಗ್ರಾಹಕರಿಗೆ ಮೊಬೈಲ್ ಡೇಟಾ ಕೈಕೊಟ್ಟದ್ದು ಎರಿಕ್ಸನ್ ಒದಗಿಸಿದ ಸಾಫ್ಟ್‌ವೇರಿನೊಳಗಿನ ಸರ್ಟಿಫಿಕೇಟಿನ ಅವಧಿ ಮುಗಿದದ್ದರಿಂದ.

ಹೆಸರು ಹೊಂದುತ್ತಿಲ್ಲ ಎಂದು ಬಂದರೆ ವಿಳಾಸದ ಮುಂದೆ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಸೇರಿಸಿಯೋ, ಇದ್ದರೆ ತೆಗೆದೋ ನೋಡಿ. ಒಂದಕ್ಕೆ ಮಾತ್ರ ಸರ್ಟಿಫಿಕೇಟ್ ಮಾಡಿಸಿ ಇನ್ನೊಂದನ್ನು ಬಿಟ್ಟಿರುವುದುಂಟು. ಅಕ್ಷರ ತಪ್ಪಿ ಬೇರೆ ಯಾರದೋ ತಾಣಕ್ಕೆ ಹೋಗಿಲ್ಲವಷ್ಟೇ ಎಂದೂ ನೋಡಿ. ಕಂಪ್ಯೂಟರಿನಲ್ಲಿ ತೆರೆಯುತ್ತದೆ, ಫೋನಿನಲ್ಲಿ ಮಾತ್ರ ತಕರಾರು ಎಂದಾದರೆ, ತಾಣದವರು ತಮ್ಮ ಸರ್ಟಿಫಿಕೇಟಿಗೂ ಮೂಲ ಸಂಸ್ಥೆಗೂ ನಡುವಿನ ಕೊಂಡಿಯನ್ನು ಸರ್ವರಿನಲ್ಲಿ ಹಾಕದೆ ಬಿಟ್ಟಿರಬಹುದು. ಕಂಪ್ಯೂಟರಿನ ಬ್ರೌಸರ್ ಆ ಕೊಂಡಿಯನ್ನು ತಾನೇ ಹುಡುಕಿ ತರುತ್ತದೆ, ಫೋನು ಎಷ್ಟೋ ಸಲ ತರುವುದಿಲ್ಲ. ಇದನ್ನೆಲ್ಲ ಅವರೇ ಸರಿಮಾಡಬೇಕು. ನಾವು ಮಾಡಬಹುದಾದದ್ದು ಆ ಪುಟದ ಚಿತ್ರ ತೆಗೆದು ಅವರಿಗೆ ಕಳಿಸುವುದು.

ಈಗ ಪ್ರಶ್ನೆಯ ಎರಡನೇ ಅರ್ಧ. ಅಲ್ಲಿ ನಾನು ಏನು ಕೊಡಲಿದ್ದೇನೆ? ಪಾಸ್‌ವರ್ಡ್, ಒಟಿಪಿ, ಕಾರ್ಡ್ ನಂಬರು, ಆಧಾರ್, ಜನ್ಮದಿನಾಂಕ, ಇವುಗಳಲ್ಲಿ ಒಂದನ್ನು ಕೊಡುವುದಿದ್ದರೂ ಪ್ರೊಸೀಡ್ ಒತ್ತಬಾರದು. ಕಾರಣ ಏನೇ ಇರಲಿ, ಆ ತಾಣ ಎಷ್ಟೇ ಪರಿಚಿತವಾಗಿರಲಿ. ಕೆಲವು ತಾಣಗಳಲ್ಲಿ ಪ್ರೊಸೀಡ್ ಎಂಬುದೇ ಕಾಣಿಸುವುದಿಲ್ಲ. ನನ್ನ ವಿಷಯದಲ್ಲಿ ವಿನಾಯಿತಿ ಬೇಡ ಎಂದು ಆ ತಾಣವೇ ಬ್ರೌಸರಿಗೆ ಮೊದಲೇ ತಾಕೀತು ಮಾಡಿರುತ್ತದೆ. ಅದು ದೋಷವಲ್ಲ, ನಮ್ಮ ರಕ್ಷಣೆ. ದಾರಿ ಹುಡುಕಲು ಹೋಗಬೇಡಿ.

ಹಾಗಾದರೆ ಪ್ರೊಸೀಡ್ ಒತ್ತಬಹುದಾದ ಸಂದರ್ಭವೇ ಇಲ್ಲವೇ? ಇದೆ. ನಿಮ್ಮದೇ ಮನೆಯ ವೈಫೈ ರೂಟರಿನ ಪಾಸ್‌ವರ್ಡ್ ಬದಲಾಯಿಸಲು 192.168.1.1ರಂಥ ವಿಳಾಸ ತೆರೆದಾಗ ತ್ರಿಕೋನ ಬರುವುದುಂಟು. ಮನೆಯ ಡಬ್ಬಿಗೆ ಹೊರಗಿನ ಸಂಸ್ಥೆ ಸಹಿ ಹಾಕಿಕೊಡುವುದಿಲ್ಲ, ಅದು ತನ್ನ ಚೀಟಿಗೆ ತಾನೇ ಸಹಿ ಹಾಕಿಕೊಂಡಿರುತ್ತದೆ. ನೀವು ಮನೆಯಲ್ಲೇ ಇದ್ದೀರಿ, ನಿಮ್ಮ ರೂಟರ್ ಎದುರಿಗೇ ಇದೆ, ಅಲ್ಲಿ ಮುಂದುವರಿಯಬಹುದು. ಇನ್ನೊಂದು ಮಾತು. ಯಾವುದಾದರೂ ತಾಣಕ್ಕೆ ಒಮ್ಮೆ ಪ್ರೊಸೀಡ್ ಒತ್ತಿದರೆ ಕ್ರೋಮ್ ಅದನ್ನು ನೆನಪಿಟ್ಟುಕೊಂಡು ಕೆಲವು ದಿನ ಮತ್ತೆ ಕೇಳುವುದೇ ಇಲ್ಲ. ಅಪ್ಪ ಒತ್ತಿದ್ದಾರೆ ಎಂದು ತಿಳಿದರೆ ಆ ತಾಣ ತೆರೆದು, ವಿಳಾಸದ ಪಕ್ಕದ "ನಾಟ್ ಸೆಕ್ಯೂರ್" ಮೇಲೆ ಒತ್ತಿ, ಎಚ್ಚರಿಕೆಗಳನ್ನು ಮತ್ತೆ ಆನ್ ಮಾಡಿಬಿಡಿ.

ತ್ರಿಕೋನ ನಿಜ ಹೇಳಿದ ದಿನ

ಇಷ್ಟು ಓದಿದವರಿಗೆ, ಎಚ್ಚರಿಕೆ ಎಂದರೆ ಬರೀ ಗಡಿಯಾರ, ಮರೆವು, ಹಳೆಯ ಫೋನು ಎನಿಸಬಹುದು. ಬಹುತೇಕ ಸಲ ಅಷ್ಟೇ. ಹಾಗಲ್ಲದ ಒಂದು ಸಲದ ಕತೆ ಹೇಳುತ್ತೇನೆ.

2011ರ ಆಗಸ್ಟ್ ಕೊನೆಯಲ್ಲಿ ಇರಾನಿನ ಒಬ್ಬರು ಕ್ರೋಮ್‌ನಲ್ಲಿ ಜಿಮೇಲ್ ತೆರೆದಾಗ ಸರ್ಟಿಫಿಕೇಟ್ ಎಚ್ಚರಿಕೆ ಬಂತು. ಅವರು ಅದನ್ನು ದಾಟಿ ಹೋಗಲಿಲ್ಲ. ಇದೇನೆಂದು ಗೂಗಲ್‌ನವರನ್ನೇ ಸಾರ್ವಜನಿಕವಾಗಿ ಕೇಳಿದರು. ಜಾಡು ಹಿಡಿದು ಹೋದಾಗ ತಿಳಿದದ್ದು: ನೆದರ್‌ಲ್ಯಾಂಡ್ಸ್‌ನ ಡಿಜಿನೋಟಾರ್ ಎಂಬ ಸಂಸ್ಥೆಯ ಒಳಗೆ ಕನ್ನ ಹಾಕಿದ ಯಾರೋ, ಅದರ ಸಹಿಯಲ್ಲಿ 500ಕ್ಕೂ ಹೆಚ್ಚು ಸುಳ್ಳು ಸರ್ಟಿಫಿಕೇಟ್ ಮಾಡಿಕೊಂಡಿದ್ದರು. ಅವುಗಳಲ್ಲಿ ಒಂದು ಗೂಗಲ್ ಹೆಸರಿನದು. ಡಿಜಿನೋಟಾರ್ ಎಲ್ಲ ಬ್ರೌಸರ್‌ಗಳ ಪಟ್ಟಿಯಲ್ಲೂ ಇದ್ದ ಸಂಸ್ಥೆ, ಹಾಗಾಗಿ ಬೇರೆ ಬ್ರೌಸರ್‌ಗಳು ತುಟಿ ಪಿಟಕ್ಕೆನ್ನಲಿಲ್ಲ. ಗೂಗಲ್‌ನ ತಾಣಗಳಿಗೆ ಯಾರ ಸಹಿ ಇರಬೇಕೆಂದು ಕ್ರೋಮ್‌ಗೆ ಮಾತ್ರ ಪ್ರತ್ಯೇಕವಾಗಿ ಗೊತ್ತಿತ್ತು. ಆ ಸುಳ್ಳು ಸರ್ಟಿಫಿಕೇಟ್ ಎದುರಾದ ಸುಮಾರು 3 ಲಕ್ಷ ಐಪಿ ವಿಳಾಸಗಳು ಪತ್ತೆಯಾದವು, ಹೆಚ್ಚುಕಡಿಮೆ ಎಲ್ಲವೂ ಇರಾನಿನವು. ಅಷ್ಟು ಜನರ ಪತ್ರಗಳನ್ನು ನಡುವೆ ನಿಂತು ಓದುವ ದಾರಿ ತೆರೆದಿತ್ತು. ಎಲ್ಲ ಬ್ರೌಸರ್‌ಗಳೂ ಡಿಜಿನೋಟಾರನ್ನು ಹೊರಹಾಕಿದವು, ಸೆಪ್ಟೆಂಬರಿನಲ್ಲಿ ಅದು ದಿವಾಳಿಯಾಯಿತು. ಒಬ್ಬ ಬಳಕೆದಾರ "ಇದು ಏನೋ ಮಾಮೂಲು" ಎಂದುಕೊಂಡು ಅಡ್ವಾನ್ಸ್ಡ್ ಒತ್ತಿದ್ದರೆ ಅದು ಇನ್ನೆಷ್ಟು ದಿನ ನಡೆಯುತ್ತಿತ್ತೋ.

ನಮ್ಮ ದೇಶದಲ್ಲೂ ಹತ್ತಿರದ್ದೊಂದು ನಡೆದಿದೆ. 2014ರ ಜುಲೈನಲ್ಲಿ ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್‌ನ ಸಹಿಯಲ್ಲಿ ಗೂಗಲ್ ಹೆಸರಿನ ಅನಧಿಕೃತ ಸರ್ಟಿಫಿಕೇಟ್‌ಗಳು ಹೊರಬಂದದ್ದು ಗೂಗಲ್‌ನವರ ಗಮನಕ್ಕೆ ಬಂತು. ಅವನ್ನು ರದ್ದು ಮಾಡಲಾಯಿತು. ಭಾರತ ಸರ್ಕಾರದ ಮೂಲ ಸಹಿಯನ್ನು ಗವ್ ಡಾಟ್ ಇನ್, ಎನ್‌ಐಸಿ ಡಾಟ್ ಇನ್ ಸೇರಿದಂತೆ ಏಳು ವಿಳಾಸಗಳಿಗೆ ಮಾತ್ರ ಒಪ್ಪುವುದಾಗಿ ಕ್ರೋಮ್ ಮಿತಿ ಹಾಕಿತು.

ಎಚ್ಚರಿಕೆ ಬರಲಿಲ್ಲ ಎಂದರೆ ಕ್ಷೇಮವೇ?

ಅಲ್ಲ. ಸರ್ಟಿಫಿಕೇಟ್ ಹೇಳುವುದು "ಈ ವಿಳಾಸದ ಒಡೆಯ ಇವನೇ" ಎಂದು ಮಾತ್ರ. ಒಡೆಯ ಒಳ್ಳೆಯವನು ಎಂದಲ್ಲ. ಬ್ಯಾಂಕಿನ ಹೆಸರನ್ನೇ ಹೋಲುವ ವಿಳಾಸ ಕೊಂಡ ಮೋಸಗಾರನಿಗೂ ಉಚಿತ ಸರ್ಟಿಫಿಕೇಟ್ ಸಿಗುತ್ತದೆ. ಅವನ ತಾಣದಲ್ಲಿ ತ್ರಿಕೋನ ಬರುವುದೇ ಇಲ್ಲ. "ಬೀಗದ ಚಿತ್ರ ಇದ್ದರೆ ನಂಬಿ" ಎಂಬ ಹಳೆಯ ಉಪದೇಶ ದಾರಿ ತಪ್ಪಿಸುತ್ತದೆಂದೇ 2023ರ ಸೆಪ್ಟೆಂಬರಿನಲ್ಲಿ ಕ್ರೋಮ್ ವಿಳಾಸದ ಪಕ್ಕದ ಬೀಗವನ್ನು ತೆಗೆದುಹಾಕಿತು.

ಆದ್ದರಿಂದ ವಿಳಾಸವನ್ನು ಓದುವ ಅಭ್ಯಾಸ ಬೇಕು. ಒಂದು ಸಮಾಧಾನದ ಸಂಗತಿಯಿದೆ. ರಿಸರ್ವ್ ಬ್ಯಾಂಕ್ ನಮ್ಮ ಬ್ಯಾಂಕುಗಳಿಗೆ 2025ರ ಅಕ್ಟೋಬರ್ 31ರೊಳಗೆ "ಡಾಟ್ ಬ್ಯಾಂಕ್ ಡಾಟ್ ಇನ್" ಎಂದು ಕೊನೆಯಾಗುವ ವಿಳಾಸಕ್ಕೆ ಬದಲಾಗುವಂತೆ ಹೇಳಿತು. ಬ್ಯಾಂಕುಗಳಿಗಲ್ಲದೆ ಬೇರೆಯವರಿಗೆ ಆ ವಿಳಾಸ ಸಿಗುವುದಿಲ್ಲ. ಊರಿನವರಿಗೆ ಇದನ್ನು ಕಲಿಸುವುದು ಬೀಗ ಹುಡುಕಲು ಕಲಿಸುವುದಕ್ಕಿಂತ ಒಳ್ಳೆಯದು.

ನಿಜ ಹೇಳಬೇಕೆಂದರೆ, ಇವತ್ತಿನ ಕಳ್ಳರು ಹೆಚ್ಚಾಗಿ ತ್ರಿಕೋನದ ದಾರಿಯಲ್ಲಿ ಬರುವುದಿಲ್ಲ. ಮದುವೆಯ ಕರೆಯೋಲೆ, ಟ್ರಾಫಿಕ್ ದಂಡದ ಚಲನ್ ಎಂದು ವಾಟ್ಸಾಪಿನಲ್ಲಿ ಎಪಿಕೆ ಫೈಲ್ ಕಳಿಸುತ್ತಾರೆ. ಒತ್ತಿದಾಗ ಫೋನು ಎಚ್ಚರಿಸುತ್ತದೆ: ಇದು ಗೊತ್ತಿಲ್ಲದ ಮೂಲದಿಂದ ಬಂದದ್ದು, ಹಾಕಲೇ? ಆ ಹೊತ್ತಿಗೆ ಹಿರಿಯರ ಮನಸ್ಸಿನಲ್ಲಿ ಯಾವ ಪಾಠ ಉಳಿದಿರುತ್ತದೆ ಎಂಬುದರ ಮೇಲೆ ಖಾತೆಯ ಹಣ ನಿಂತಿದೆ. ಎಚ್ಚರಿಕೆ ಬಂದರೆ ನಿಲ್ಲಬೇಕು ಎಂಬ ಪಾಠವೋ, ಸಂಘದವರೇ ಹೇಳಿದ "ಏನೂ ಆಗುವುದಿಲ್ಲ" ಎಂಬ ಪಾಠವೋ? ಹಣ ಹೋಗಿಯೇಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲೂ ದೂರು ಕೊಡಬಹುದು. ಮುಂಬಯಿಯಾಗಲಿ ಗದಗವಾಗಲಿ, ದೇಶಕ್ಕೆಲ್ಲ ಒಂದೇ ನಂಬರು.

ಸಂಘಗಳ ಪದಾಧಿಕಾರಿಗಳಿಗೆ

ಹೊರನಾಡಿನ ನಮ್ಮ ಸಂಘಗಳಲ್ಲಿ ತಾಣ ನೋಡಿಕೊಳ್ಳುವವರು ಸಾಮಾನ್ಯವಾಗಿ ಒಬ್ಬರೇ, ಅದೂ ಬಿಡುವಿನ ವೇಳೆಯಲ್ಲಿ. ಅವರಿಗೊಂದು ಮುನ್ಸೂಚನೆ. ಹಿಂದೆ ಒಮ್ಮೆ ಸರ್ಟಿಫಿಕೇಟ್ ಹಾಕಿಸಿದರೆ ಒಂದು ವರ್ಷದ ಮೇಲೆ ನಡೆಯುತ್ತಿತ್ತು. 2020ರ ಸೆಪ್ಟೆಂಬರಿನಿಂದ ಗರಿಷ್ಠ ಅವಧಿ 398 ದಿನ ಎಂದಾಗಿತ್ತು. 2025ರ ಏಪ್ರಿಲ್‌ನಲ್ಲಿ ಬ್ರೌಸರ್ ಕಂಪನಿಗಳೂ ಸರ್ಟಿಫಿಕೇಟ್ ಸಂಸ್ಥೆಗಳೂ ಸೇರಿ ತೆಗೆದುಕೊಂಡ ನಿರ್ಧಾರದಂತೆ, 2026ರ ಮಾರ್ಚ್ 15ರಿಂದ ಅದು 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ ಬರೀ 47 ದಿನ. ಕದ್ದ ಅಥವಾ ತಪ್ಪಾಗಿ ಕೊಟ್ಟ ಸರ್ಟಿಫಿಕೇಟ್ ಹೆಚ್ಚು ದಿನ ಬಾಳಬಾರದು ಎಂಬುದು ಉದ್ದೇಶ.

ನೆನಪಿಟ್ಟುಕೊಂಡು ಕೈಯಿಂದ ನವೀಕರಿಸುವ ಪದ್ಧತಿ ಇನ್ನು ನಡೆಯುವುದಿಲ್ಲ. ನಿಮ್ಮ ಹೋಸ್ಟಿಂಗ್ ಕಂಪನಿಯವರನ್ನು ಒಂದೇ ಪ್ರಶ್ನೆ ಕೇಳಿ: ಸರ್ಟಿಫಿಕೇಟ್ ತಾನಾಗಿ ನವೀಕರಣವಾಗುತ್ತದೆಯೇ? ಅನೇಕರು ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಸರ್ಟಿಫಿಕೇಟನ್ನು ಹಾಗೆ ಹಾಕಿಕೊಡುತ್ತಾರೆ. ಸ್ವಂತ ಸರ್ವರ್ ಇದ್ದರೆ ಸರ್ಟ್‌ಬಾಟ್ ಎಂಬ ಉಚಿತ ಸಾಧನ ಇದೇ ಕೆಲಸ ಮಾಡುತ್ತದೆ. ಕ್ವಾಲಿಸ್‌ನವರ ಎಸ್‌ಎಸ್‌ಎಲ್ ಲ್ಯಾಬ್ಸ್ ಎಂಬ ಉಚಿತ ಪರೀಕ್ಷೆಗೆ ನಿಮ್ಮ ವಿಳಾಸ ಕೊಟ್ಟರೆ, ನಡುವಿನ ಕೊಂಡಿ ತಪ್ಪಿದೆಯೇ, ಅವಧಿ ಎಂದು ಮುಗಿಯುತ್ತದೆ ಎಲ್ಲವನ್ನೂ ಹೇಳುತ್ತದೆ. ತಾಣದ ಜವಾಬ್ದಾರಿ ಒಬ್ಬರಿಂದ ಇನ್ನೊಬ್ಬರಿಗೆ ಬದಲಾಗುವಾಗ ಪಾಸ್‌ವರ್ಡಿನ ಜೊತೆ ಈ ವಿವರವನ್ನೂ ಬರೆದು ಕೊಡಿ.

ಅಷ್ಟರ ಮೇಲೂ ಒಂದು ದಿನ ತಪ್ಪಿಹೋದರೆ ಗುಂಪಿಗೆ ಹೀಗೆ ಬರೆಯಿರಿ: "ನಮ್ಮ ಜಾಲತಾಣದಲ್ಲಿ ಎಚ್ಚರಿಕೆ ಬರುತ್ತಿದೆ. ಸರಿಯಾಗುವವರೆಗೆ ದಯವಿಟ್ಟು ತೆರೆಯಬೇಡಿ. ನೋಂದಣಿಗೆ ಕಾರ್ಯದರ್ಶಿಗಳಿಗೆ ಫೋನ್ ಮಾಡಿ." ಎರಡು ದಿನ ನೋಂದಣಿ ತಡವಾದರೆ ನಷ್ಟವಿಲ್ಲ.

ಫೋನಿನಲ್ಲಿ ಊರಿನವರಿಗೆ

ಅಪ್ಪ ಅಮ್ಮನಿಗೆ ಈ ಲೇಖನವನ್ನೆಲ್ಲ ಒಪ್ಪಿಸಬೇಕಾಗಿಲ್ಲ. ಅವರಿಗೆ ಹೇಳಬೇಕಾದದ್ದು ಒಂದೇ ಮಾತು: "ತ್ರಿಕೋನ ಬಂದರೆ ಏನನ್ನೂ ಒತ್ತಬೇಡಿ, ಫೋಟೋ ತೆಗೆದು ನನಗೆ ಕಳಿಸಿ." ಫೋಟೋ ಬಂದ ಮೇಲೆ ತಾರೀಖು, ವೈಫೈ, ಯಂತ್ರ, ತಾಣ ಎಂಬ ನಾಲ್ಕು ಪ್ರಶ್ನೆ ಕೇಳುವುದು ನಮ್ಮ ಕೆಲಸ. ಮೀಟಿಂಗ್ ನಡುವೆ ಬಂದ ಆ ಫೋಟೋಗೆ ಬೇಸರಪಟ್ಟು "ಏನಿಲ್ಲ, ಮುಂದೆ ಹೋಗಿ" ಎಂದು ಉತ್ತರಿಸಬೇಡಿ. "ಹಾಗೇ ಇಟ್ಟಿರಿ, ಸಂಜೆ ಫೋನ್ ಮಾಡುತ್ತೇನೆ" ಎಂದು ಬರೆಯಲು ಅಷ್ಟೇ ಹೊತ್ತು ಸಾಕು.